ಸಾಲು ಬಿಟ್ಟು ಗುಂಪಾಗಿ ಕೂತ ಮೇಲೆ

ಮಕ್ಕಳನ್ನು ಸಾಲಾಗಿ ಕೂರಿಸಿ, ಕೈ ಕಟ್ಟಿಸಿ, ಬಾಯಿ ಮುಚ್ಚಿಸಿ ಪಾಠ ಮಾಡಿದವರಿಗೆ ರಿಟೈರ್ ಆದ ಮೇಲೆ ಹೇಳಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ನಾನು ಒಂದು ಸಲ ಮಕ್ಕಳನ್ನು ದುಂಡಗೆ ಕೂರಿಸಿದೆ ನೋಡಿ, ಅವತ್ತಿನಿಂದ ನನ್ನ ಕ್ಲಾಸಿನಲ್ಲಿ ಏನೂ ಆಗದ ದಿನವೇ ಇರಲಿಲ್ಲ.

ತೊಂಬತ್ತರ ದಶಕದ ನಡುಭಾಗ. ದೊಡ್ಡಬಳ್ಳಾಪುರದಿಂದ ಘಾಟಿ ಕಡೆಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ ನಮ್ಮ ಸ್ಕೂಲು. ಒಂದು ಪಕ್ಕದ ಬೀದಿ ತುಂಬ ಪವರ್‌ಲೂಮ್ ಮನೆಗಳು, ಇನ್ನೊಂದು ಪಕ್ಕ ಹೊಲ, ಹಸು, ಹಿಪ್ಪುನೇರಳೆ ತೋಟ. ನಾನು ಮೂರನೇ ಕ್ಲಾಸಿನ ಟೀಚರು. ಆ ವರ್ಷ ನಮಗೊಂದು ತರಬೇತಿ ಕೊಟ್ಟರು. ಮಕ್ಕಳು ಗುಂಪಾಗಿ ಕೂತು, ಕೈಯಾರೆ ಮಾಡಿ, ಒಬ್ಬರಿಂದ ಒಬ್ಬರು ಕಲಿಯಬೇಕು, ಟೀಚರು ಬಾಯಿ ಕಮ್ಮಿ ಮಾಡಬೇಕು ಅಂತ ಅದರ ಸಾರಾಂಶ. ಬಂದವರೆಲ್ಲ ಉಪ್ಪಿಟ್ಟು ತಿಂದು, ತಲೆಯಾಡಿಸಿ, ಊರು ಸೇರುವಷ್ಟರಲ್ಲಿ ಮರೆತರು. ನನಗೆ ಮಾತ್ರ ಅದು ತಲೆಗೆ ಹತ್ತಿಬಿಟ್ಟಿತು.

ಅದಕ್ಕೆ ಕಾರಣ ಒಬ್ಬಳು ಹುಡುಗಿ. ಹಸು ಸಾಕುವ ಮನೆಯವಳು. ಕೊನೇ ಸಾಲಿನಲ್ಲಿ ಗೋಡೆಗೆ ಅಂಟಿಕೊಂಡು ಕೂರುತ್ತಿದ್ದಳು. ಒಂದನೇ ಕ್ಲಾಸಿನಿಂದ ಅವಳ ದನಿ ಕೇಳಿದವರೇ ಇಲ್ಲ. ಹಾಜರಿ ಕರೆದರೂ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಗುಂಪಿನಲ್ಲಿ ಕೂರಿಸಿದ ಮೇಲೆ ಒಂದು ದಿನ ಪಕ್ಕದ ಹುಡುಗನ ಸ್ಲೇಟು ನೋಡಿ, "ಅದು ತಪ್ಪು ಕಣೋ" ಅಂದಳು. ನನಗೆ ಕಣ್ಣು ತುಂಬಿ ಬಂತು.

ಹೆಡ್‌ಮೇಷ್ಟ್ರಿಗೆ ಮಾತ್ರ ಕಿವಿ ತುಂಬಿ ಬಂತು. ಗೋಡೆಯಾಚೆ ಇಡೀ ದಿನ ಮಗ್ಗ ಬಡಿದುಕೊಂಡರೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ, ಮಕ್ಕಳು ಮಾತಾಡಿದರೆ ತಲೆನೋವು ಬರುತ್ತಿತ್ತು. ಇದು ಸ್ಕೂಲೋ ಸಂತೆಯೋ ಅಂತ ದಿನಾ ಕೇಳುತ್ತಿದ್ದರು. ಕೊನೆಗೆ, ಇನ್ಸ್‌ಪೆಕ್ಟರು ಬಂದಾಗ ಅವರೇ ತೀರ್ಮಾನ ಮಾಡಲಿ ಅಂದುಬಿಟ್ಟರು. ಇನ್ಸ್‌ಪೆಕ್ಟರು ಬೇಡ ಅಂದರೆ ಮಕ್ಕಳು ಮತ್ತೆ ಸಾಲಿಗೆ, ಆ ಹುಡುಗಿ ಮತ್ತೆ ಗೋಡೆಗೆ. ಅದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಯಾರ ಗುಂಪು

ಗುಂಪು ಮಾಡಿದ ಮಾರನೆಯ ದಿನವೇ ಮೇಲಿನ ಬೀದಿಯ ಯಜಮಾನರೊಬ್ಬರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕ್ಲಾಸಿನ ಬಾಗಿಲಿಗೆ ಬಂದರು. ಹುಬ್ಬು ಗಂಟಿಕ್ಕಿತ್ತು. ನಮ್ಮ ಹುಡುಗನನ್ನು ಯಾರ ಗುಂಪಿಗೆ ಸೇರಿಸಿದ್ದೀರಿ ಅಂತ ಕೇಳಿದರು. ಪರವಾಗಿಲ್ಲ, ತಂದೆಯರಿಗೂ ಆಸಕ್ತಿ ಬಂದಿದೆ ಅಂದುಕೊಂಡು ಖುಷಿಯಾಗಿ ಕಿಟಕಿ ಪಕ್ಕದ ಗುಂಪನ್ನು ತೋರಿಸಿದೆ. ಅಲ್ಲಿ ಅವರ ಮಗ ಇನ್ನೊಬ್ಬನ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿದ್ದ. ಆ ಇನ್ನೊಬ್ಬ, ಪಂಚಾಯಿತಿ ಎಲೆಕ್ಷನ್ನಿನಲ್ಲಿ ಇವರನ್ನು ಸೋಲಿಸಿದವರ ಮಗ.

ಆ ಊರಿನಲ್ಲಿ ಗುಂಪು ಅಂದರೆ ಇದ್ದದ್ದು ಎರಡೇ, ಅವರದು ಮತ್ತು ಇವರದು. ಇವರು ಅವರ ಅಂಗಡಿಯಲ್ಲಿ ಬೆಂಕಿಪೊಟ್ಟಣವನ್ನೂ ಕೊಳ್ಳುತ್ತಿರಲಿಲ್ಲ. ಇದನ್ನು ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಇದು ಬರೀ ಲೆಕ್ಕ ಕಲಿಯುವ ಗುಂಪು ಅಂತ ನಾನು ಎಷ್ಟು ಹೇಳಿದರೂ ಯಜಮಾನರು ಒಪ್ಪಲಿಲ್ಲ.

"ಇವತ್ತು ಲೆಕ್ಕಕ್ಕೆ ಅಂತೀರಾ ಮಿಸ್ಸಮ್ಮ, ನಾಳೆ ಓಟಿಗೆ ಅಂತಾರೆ. ನಮ್ ಹುಡುಗ ಅವ್ರ ಗುಂಪಲ್ಲಿ ಕೂತ್ರೆ ನಾನು ಊರಲ್ಲಿ ತಲೆ ಎತ್ಕೊಂಡು ತಿರುಗೋದು ಹೆಂಗೆ?"

ಎಲ್ಲಿ ಹುಡುಗನನ್ನು ಸ್ಕೂಲು ಬಿಡಿಸಿಬಿಡುತ್ತಾರೋ ಅಂತ ನನಗೆ ಗಾಬರಿಯಾಯಿತು. ಇದೇನು ಖಾಯಂ ಅಲ್ಲ, ಹದಿನೈದು ದಿನಕ್ಕೊಂದು ಸಲ ಎಲ್ಲರನ್ನೂ ಕಲಸಿ ಬೇರೆ ಬೇರೆ ಗುಂಪಿಗೆ ಹಾಕ್ತೀನಿ ಅಂದೆ. ಯಜಮಾನರ ಹುಬ್ಬು ಸಡಿಲವಾಯಿತು.

"ಮೊದ್ಲೇ ಹೇಳ್ಬಾರ್ದಾ ಮಿಸ್ಸಮ್ಮ. ನಮ್ಮೂರ್ ಮೆಂಬರ್‌ಗಳೂ ಹಂಗೇ ಅಲ್ವಾ."

ಕಳೆದರೆ

ಎಣಿಸುವುದಕ್ಕೆ ಮನೆಯಿಂದ ಏನಾದರೂ ತನ್ನಿ ಅಂತ ಮಕ್ಕಳಿಗೆ ಹೇಳಿದ್ದೆ. ಹುಣಿಸೆ ಬೀಜ ಬಂತು, ಬಳೆ ಚೂರು ಬಂತು, ಸೋಡಾ ಮುಚ್ಚಳ ಬಂತು. ನೇಕಾರರ ಮನೆಯ ಹುಡುಗನೊಬ್ಬ ಚೀಲದ ತುಂಬ ಕಂಡಿಕೆ ತಂದ. ಕಂಡಿಕೆ ಅಂದರೆ ನೂಲು ಸುತ್ತಿ ಮಗ್ಗದ ಲಾಳಿಯೊಳಗೆ ಕೂರಿಸುವ ಕಡ್ಡಿ. ಕೆಂಪು, ಹಳದಿ, ನವಿಲು ಬಣ್ಣದ ರೇಷ್ಮೆ ಸುತ್ತಿದ್ದ ಕಂಡಿಕೆಗಳನ್ನು ನೋಡಿ ಇಡೀ ಗುಂಪು ಅವನನ್ನು ಮುತ್ತಿಕೊಂಡಿತು.

ಹದಿಮೂರು ಕಂಡಿಕೆ ಜೋಡಿಸಲು ಹೇಳಿ, "ಹದಿಮೂರರಲ್ಲಿ ಐದು ಕಳೆದರೆ?" ಅಂತ ಕೇಳಿದೆ.

ಹುಡುಗ ಎಲ್ಲವನ್ನೂ ಬಾಚಿ ಎದೆಗೆ ಅವುಚಿಕೊಂಡ. "ಕಳೆಯಲ್ಲ ಮಿಸ್, ಹುಷಾರಾಗಿ ಇಟ್ಕೊಂಡಿದೀನಿ."

ಕಳೆಯುವುದು ಅಂದರೆ ಕಳೆದುಹಾಕುವುದಲ್ಲಪ್ಪ, ಸುಮ್ಮನೆ ಐದು ಕಳೆದೆ ಅಂತ ಇಟ್ಟುಕೋ ಅಂದೆ.

"ಐದು ಕಳೆದ್ರೆ ಅಪ್ಪ ಚರ್ಮ ಸುಲೀತಾರೆ ಮಿಸ್."

ಗುಂಪಿನ ಇನ್ನೊಬ್ಬ ಸಹಾಯಕ್ಕೆ ಬಂದು, ಎಂಟು ಉಳಿಯುತ್ತಲ್ಲೋ ಅಂದ. ಎಂಟು ಉಳಿದರೂ ಸುಲಿಯುತ್ತಾರೆ ಅಂತ ಇವನು ವಾದಿಸಿದ. ಅಷ್ಟರಲ್ಲಿ ಅಪ್ಪನೇ ಬಂದರು. ಮನೆಯಲ್ಲಿ ಕಂಡಿಕೆ ಇಲ್ಲದೆ ಮಗ್ಗ ನಿಂತುಹೋಗಿತ್ತು. ನಾನು ಲೆಕ್ಕದ ಪಾಠ ನಡೆಯುತ್ತಿದ್ದುದನ್ನು ವಿವರಿಸಿದೆ. ಪಾಪ, ಸಾಧು ಮನುಷ್ಯ. ಕಂಡಿಕೆಗಳನ್ನು ಚೀಲಕ್ಕೆ ತುಂಬಿಕೊಂಡು, ಬಾಗಿಲವರೆಗೆ ಹೋದವರು ತಿರುಗಿ ನಿಂತು ವಿನಯವಾಗಿ ಹೇಳಿದರು.

"ಇವ್ನಿಗೆ ಕೂಡೋ ಲೆಕ್ಕ ಒಂದ್ ಹೇಳ್ಕೊಡಿ ಸಾಕು ಮಿಸ್, ಕಳೆಯೋದು ಇವಾಗ್ಲೇ ಚೆನ್ನಾಗಿ ಬರುತ್ತೆ."

ಹೆಡ್‌ಮೇಷ್ಟ್ರು ಎಲ್ಲಿ

ಸಮಾಜ ಪಾಠಕ್ಕೆ ಊರಿನ ನಕ್ಷೆ ಮಾಡಿಸಿದೆ. ಜಗಲಿಯ ಮೇಲೆ ಮರಳು ಹರಡಿ, ಬೆಂಕಿಪೊಟ್ಟಣದ ಮನೆಗಳು, ದಾರದ ರಸ್ತೆ, ನೀಲಿ ಕಾಗದದ ಕೆರೆ, ಎಲ್ಲ ಮಕ್ಕಳೇ ಇಟ್ಟರು. ಮನುಷ್ಯರಿಗೆ ಬೆಣಚುಕಲ್ಲು. ಒಂದು ಗುಂಪಿನವರು ಸ್ಕೂಲು ಅಂತ ಇಟ್ಟಿದ್ದ ಡಬ್ಬದ ಪಕ್ಕ ಒಂದು ಕಲ್ಲಿಟ್ಟು ಅದು ನಾನು ಅಂದರು. ಬಸ್‌ಸ್ಟಾಪಿನ ಹತ್ತಿರದ ಹೋಟೆಲಿನ ಮುಂದೆ ಒಂದು ದಪ್ಪ ಕಲ್ಲು ಕೂತಿತ್ತು. ಅದು ಯಾರು ಅಂತ ಕೇಳಿದೆ.

"ಹೆಡ್‌ಮೇಷ್ಟ್ರು ಮಿಸ್."

ಹೆಡ್‌ಮೇಷ್ಟ್ರು ಸ್ಕೂಲಿನಲ್ಲಲ್ಲವೇ ಇರಬೇಕಾದ್ದು ಅಂತ ಮೆತ್ತಗೆ ಕೇಳಿದೆ. ಗುಂಪಿನವರು ಮುಖ ಮುಖ ನೋಡಿಕೊಂಡರು. ಊರಿನಲ್ಲಿ ಇರುವುದನ್ನು ಇರುವ ಹಾಗೇ ತೋರಿಸಬೇಕು ಅಂತ ನಾನೇ ಹೇಳಿದ್ದೆನಂತೆ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ನನ್ನ ಹಿಂದೆ ಕೆಮ್ಮು ಕೇಳಿಸಿತು. ಹೆಡ್‌ಮೇಷ್ಟ್ರು, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ಏನು ಗಲಾಟೆ ಅಂತ ನೋಡಲು ಬಂದಿದ್ದರು.

ಒಬ್ಬ ಹುಡುಗ ಬಗ್ಗಿ, ಆ ದಪ್ಪ ಕಲ್ಲನ್ನು ಹೋಟೆಲಿನಿಂದ ಎತ್ತಿ, ದಾರದ ರಸ್ತೆಯ ಮೇಲೆ ಮೆಲ್ಲಗೆ ನಡೆಸಿಕೊಂಡು ಬಂದು, ಸ್ಕೂಲಿನ ಪಕ್ಕ ಇಟ್ಟ.

"ಇವಾಗ ಬಂದ್ರು ಮಿಸ್."

ಸಹಕಾರ ಅಂದರೆ

ಇದಾದ ಮೇಲೆ ಹೆಡ್‌ಮೇಷ್ಟ್ರು ಒಂದು ದಿನ ನನ್ನ ಪಾಠ ಕೇಳಲು ಬಂದು ಕೂತರು. ಗುಂಪು ಯಾಕೆ ಮಾಡಿದ್ದೇವೆ ಅಂತ ಮಕ್ಕಳ ಬಾಯಿಂದಲೇ ಹೇಳಿಸೋಣ ಅಂತ, ಸಹಕಾರ ಅಂದರೇನು ಅಂತ ಕೇಳಿದೆ. ಆ ಹಸುವಿನ ಮನೆಯ ಹುಡುಗಿ ಎದ್ದು ನಿಂತಳು. ಎಲ್ಲರ ಎದುರಿಗೆ, ಹೆಡ್‌ಮೇಷ್ಟ್ರ ಎದುರಿಗೆ.

"ಸಹಕಾರ ಅಂದ್ರೆ ಡೈರಿ ಮಿಸ್. ಎಲ್ಲಾರ್ ಮನೆ ಹಾಲೂ ಒಂದೇ ಕ್ಯಾನಿಗೆ ಹುಯ್ಯೋದು."

ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಭೇಷ್ ಅಂದೆ. ಭೇಷ್ ಅಂದಿದ್ದೇ ಅವಳಿಗೆ ಧೈರ್ಯ ಬಂತು.

"ಒಂದೇ ಕ್ಯಾನಿಗೆ ಹುಯ್ದ್‌ಮೇಲೆ ನೀರು ಹಾಕಿದ್ದು ಯಾರು ಅಂತ ಗೊತ್ತಾಗಲ್ಲ ಅಂತ ನಮ್ಮಜ್ಜಿ ಹೇಳ್ತದೆ ಮಿಸ್."

ಹೆಡ್‌ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ನಾನು ಬಡ್ಕೊಳ್ತಿರೋದೂ ಇದನ್ನೇ ಅಲ್ವೇನಮ್ಮಾ. ಗುಂಪಲ್ಲಿ ಯಾರು ಕಲಿತ್ರು, ಯಾರು ನೀರು, ಹೆಂಗ್ ಗೊತ್ತಾಗುತ್ತೆ?" ಇನ್ಸ್‌ಪೆಕ್ಟರು ಬಂದಾಗ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿಸುತ್ತೇನೆ ಅಂತ ಅಲ್ಲೇ ಘೋಷಿಸಿದರು. ಎರಡು ವರ್ಷ ಬಾಯಿ ಬಿಡದ ಹುಡುಗಿ ಕೊನೆಗೂ ಸಭೆಯಲ್ಲಿ ಬಾಯಿ ಬಿಟ್ಟಳು, ಅದೂ ಹೆಡ್‌ಮೇಷ್ಟ್ರ ಕಡೆ ಸಾಕ್ಷಿಯಾಗಿ.

ನಾಲ್ಕು

ಇನ್ಸ್‌ಪೆಕ್ಟರು ಬಂದೇ ಬಂದರು. ತೆಳ್ಳಗಿನ ಮನುಷ್ಯ, ಬೆಳ್ಳಗಿನ ಇಸ್ತ್ರಿ ಅಂಗಿ. ಹೆಡ್‌ಮೇಷ್ಟ್ರು ಮೊದಲೇ ಕಿವಿ ಊದಿದ್ದರು. ಇನ್ಸ್‌ಪೆಕ್ಟರು ನನಗೆ ನೇರವಾಗಿ ಹೇಳಿದರು: ಒಂದು ಮಗುವನ್ನು ಕರೆದು ಕೇಳುತ್ತೇನೆ, ಒಂಟಿಯಾಗಿ ನಿಂತು ಉತ್ತರ ಕೊಟ್ಟರೆ ನಿಮ್ಮ ಗುಂಪು ಇರಲಿ, ಇಲ್ಲದಿದ್ದರೆ ನಾಳೆಯಿಂದ ಸಾಲು. ಮಿಕ್ಕವರು ಯಾರೂ ಸದ್ದು ಮಾಡಕೂಡದು. ಯಾರನ್ನು ಕರೆಯಲಿ ಅಂತ ಅವರು ಕೇಳಿದ್ದೇ ತಡ, ಹೆಡ್‌ಮೇಷ್ಟ್ರು ಆ ಹುಡುಗಿಯ ಕಡೆ ಬೆರಳು ತೋರಿಸಿದರು.

ಅವಳು ಬೋರ್ಡಿನ ಪಕ್ಕ ಬಂದು ಕ್ಲಾಸಿನ ಕಡೆ ಮುಖ ಮಾಡಿ ನಿಂತಳು. ಹೆಡ್‌ಮೇಷ್ಟ್ರು ತಮ್ಮ ಕುರ್ಚಿ ತರಿಸಿ ಹಾಕಿದರು. ಇನ್ಸ್‌ಪೆಕ್ಟರು ಕ್ಲಾಸಿಗೆ ಬೆನ್ನು ಮಾಡಿ, ಹುಡುಗಿಗೆ ಎದುರಾಗಿ ಕೂತು ಕೇಳತೊಡಗಿದರು. ನಮ್ಮ ರಾಜಧಾನಿ ಯಾವುದು, ಏಳೆಂಟಲ ಎಷ್ಟು, ಸೂರ್ಯ ಯಾವ ದಿಕ್ಕಿನಲ್ಲಿ ಮುಳುಗುತ್ತಾನೆ. ಹುಡುಗಿ ಪ್ರತಿ ಸಲವೂ ಅವರ ತಲೆಯ ಮೇಲಿಂದ ದೂರಕ್ಕೆ ನೋಡಿ, ಒಂದು ಗಳಿಗೆ ಯೋಚಿಸಿ, ಸರಿಯಾಗಿ ಹೇಳಿದಳು. ಗೋಡೆಯಾಚೆಯ ಮಗ್ಗದ ಸದ್ದು ಬಿಟ್ಟರೆ ಕ್ಲಾಸಿನಲ್ಲಿ ಒಂದು ಪಿಸುಮಾತೂ ಇರಲಿಲ್ಲ. ನಾನು ಹೆಮ್ಮೆಯಿಂದ ಹೆಡ್‌ಮೇಷ್ಟ್ರ ಮುಖ ನೋಡಿದೆ.

ಕೊನೆಯದೊಂದು ಲೆಕ್ಕ ಅಂತ ಇನ್ಸ್‌ಪೆಕ್ಟರು ಎದ್ದು, ಬೋರ್ಡಿನ ಕಡೆ ತಿರುಗಿ, ಮೂವತ್ತಾರನ್ನು ಒಂಬತ್ತರಿಂದ ಭಾಗಿಸು ಅಂತ ಬರೆದರು. ಹುಡುಗಿ ಕ್ಲಾಸಿನ ಕಡೆ ನೋಡಿದಳು.

"ನಾಲ್ಕು," ಅಂದಳು.

"ಭೇಷ್," ಅಂದರು ಇನ್ಸ್‌ಪೆಕ್ಟರು.

ಅವಳು ನಿಲ್ಲಿಸಲಿಲ್ಲ. "ನಾಲ್ಕು ಪಟ್ಟೆ. ಹಸ್ರು. ಸಾರ್ ಬೆನ್ ಮೇಲೆ."

ಇನ್ಸ್‌ಪೆಕ್ಟರು ಗರಕ್ಕನೆ ತಿರುಗಿದರು. ಆಗ ಬೋರ್ಡಿನ ಪಕ್ಕ ನಿಂತಿದ್ದ ನಾನೂ ಹೆಡ್‌ಮೇಷ್ಟ್ರೂ ಅವರ ಬೆನ್ನು ನೋಡಿದೆವು. ದೊಡ್ಡವರು ಬರುತ್ತಾರೆಂದು ಹೆಡ್‌ಮೇಷ್ಟ್ರು ಹಿಂದಿನ ದಿನವಷ್ಟೇ ಕುರ್ಚಿಯ ಒರಗುಪಟ್ಟಿಗಳಿಗೆ ಹಸಿರು ಪೇಂಟ್ ಹೊಡೆಸಿದ್ದರು. ಮೋಡದ ದಿನ, ಒಣಗಿರಲಿಲ್ಲ.

ಇನ್ಸ್‌ಪೆಕ್ಟರಿಗೆ ಅಂಗಿಗಿಂತ ಬೇರೆಯೇ ಚಿಂತೆ ಹತ್ತಿತು. ಎದುರಿಗೆ ನಿಂತ ಹುಡುಗಿಗೆ ತಮ್ಮ ಬೆನ್ನು ಕಂಡದ್ದು ಹೇಗೆ ಅಂತ ಕೇಳಿದರು. ಅವಳು ಗುಂಪಿನಲ್ಲಿ ಕೂತಿದ್ದ ಆ ಕಂಡಿಕೆ ಹುಡುಗನನ್ನು ತೋರಿಸಿ, ಅವನು ಹೇಳಿದ ಅಂದಳು. ಹುಡುಗ ಎದ್ದು ನಿಂತ. ಸದ್ದು ಮಾಡಬೇಡಿ ಅಂದಿದ್ದೆನಲ್ಲ ಅಂತ ಇನ್ಸ್‌ಪೆಕ್ಟರು ಗದರಿದರು.

"ಸದ್ದು ಮಾಡ್ಲಿಲ್ಲ ಸಾರ್. ಬಾಯಿ ಮಾತ್ರ ಆಡ್ಸಿದೆ."

ಆಗ ಗುಟ್ಟು ಗೊತ್ತಾಯಿತು. ಪವರ್‌ಲೂಮ್ ಮನೆಯಲ್ಲಿ ಮಗ್ಗ ಓಡುವಾಗ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಊಟಕ್ಕೆ ಬಾ ಅನ್ನುವುದರಿಂದ ಹಿಡಿದು ಗಂಡ ಹೆಂಡಿರ ಜಗಳದವರೆಗೆ ಎಲ್ಲ ಬರೀ ತುಟಿಯಲ್ಲೇ ನಡೆಯುತ್ತದೆ. ಆ ಮಕ್ಕಳಿಗೆ ತುಟಿ ಓದುವುದು ಅಆಇಈಗಿಂತ ಮೊದಲೇ ಬರುತ್ತದೆ. ಹಸುವಿನ ಮನೆಯ ಹುಡುಗಿ ಅದನ್ನು ಗುಂಪಿನಲ್ಲಿ ಕೂತು ಅವರಿಂದ ಕಲಿತುಬಿಟ್ಟಿದ್ದಳು. ಒಬ್ಬರಿಂದ ಒಬ್ಬರು ಕಲಿಯಬೇಕು ಅಂತ ನಾನೇ ತಾನೇ ಹೇಳಿದ್ದು.

ಇನ್ಸ್‌ಪೆಕ್ಟರು ಹುಡುಗಿಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಮತ್ತೆ ಕೇಳಿದರು. ಆರಾರಲ ಎಷ್ಟು ಅಂದರೆ ಮೂವತ್ತಾರು ಅಂದಳು. ನೂರರಲ್ಲಿ ಇಪ್ಪತ್ತು ಹೋದರೆ ಎಂಬತ್ತು ಅಂದಳು. ಮೂರನೆಯದಕ್ಕೆ ತಡವರಿಸಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು.

"ಗೊತ್ತಿಲ್ಲ ಸಾರ್. ಗುಂಪಲ್ಲಿ ಕೇಳ್ಕೊಂಡು ಬರ್ಲಾ?"

ಇನ್ಸ್‌ಪೆಕ್ಟರು ನಕ್ಕರು. ಹೆಡ್‌ಮೇಷ್ಟ್ರು ಮಾತ್ರ ನಗಲಿಲ್ಲ. ಒದ್ದೆ ಬಟ್ಟೆ ಹಿಡಿದು ಇನ್ಸ್‌ಪೆಕ್ಟರ ಬೆನ್ನು ಉಜ್ಜುತ್ತಾ, ಹಾಗಾದರೆ ನಾಳೆಯಿಂದ ಸಾಲಾಗಿ, ಬಾಯಿ ಮುಚ್ಚಿಸಿ ಕೂರಿಸಲೇ ಅಂತ ಆಸೆಯಿಂದ ಕೇಳಿದರು. ಇನ್ಸ್‌ಪೆಕ್ಟರು ಮಕ್ಕಳ ಕಡೆ ಒಂದು ಸಲ ನೋಡಿದರು. ಮಕ್ಕಳೆಲ್ಲ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು.

"ಬೇಡ ಕಣ್ರೀ, ಗುಂಪಲ್ಲೇ ಗಲಾಟೆ ಮಾಡ್ಕೊಂಡಿರ್ಲಿ. ನಮ್ಮನ್ನ ಏನಂತ ಬೈತಿದಾರೆ ಅಂತ ಕಿವಿಗಾದ್ರೂ ಬೀಳುತ್ತೆ."