ಬ್ಯಾಂಕು ಒಪ್ಪಿದ ಮೀಸೆ

ಮೀಸೆ ಮಾಮ ಮೂವತ್ತು ವರ್ಷ ಸಾಕಿದ ಮೀಸೆಯನ್ನು ಬೋಳಿಸಿ ಇನ್ನೂ ಒಂದು ದಿನ ಕಳೆದಿರಲಿಲ್ಲ, ಅಷ್ಟರಲ್ಲೇ ಆ ಮೀಸೆ ತುರ್ತಾಗಿ ಬೇಕಾಯಿತು.

ಅವನದು ಎರಡು ಕುರ್ಚಿ, ಎರಡು ಬ್ರಷ್ಷಿನ ಪುಟ್ಟ ಸಲೂನು. ಅಂಗಡಿಗೆ ಬೋರ್ಡು ಇರಲಿಲ್ಲ, ಮೀಸೆಯೇ ಬೋರ್ಡು. ಮೂಗಿನ ಕೆಳಗೆ ಹೊರಟು ಎರಡೂ ಕೆನ್ನೆ ದಾಟಿ ಕಿವಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ನಿನ್ನೆ ಮದುವೆಯಾಗಿ ಮೂವತ್ತು ವರ್ಷ ತುಂಬಿತೆಂದು ಹೆಂಡತಿಯನ್ನು, "ಏನು ಬೇಕು ಕೇಳು," ಎಂದಿದ್ದ. ಸೀರೆ ಕೇಳುತ್ತಾಳೆ ಅಂದುಕೊಂಡಿದ್ದ.

"ಒಂದ್ಸಲ ಆ ಮೀಸೆ ತೆಗೀರಿ. ನಾನು ಯಾರನ್ನ ಮದುವೆ ಆಗಿದೀನಿ ಅಂತ ನೋಡ್ಬೇಕು," ಎಂದಳು ಅವಳು.

ತೆಗೆದ. ಅವಳು ಅವನ ಗಲ್ಲ ಹಿಡಿದು ಸಲೂನಿನ ಕಿಟಕಿಯ ಬೆಳಕಿಗೆ ತಿರುಗಿಸಿ, ಪುಸ್ತಕಕ್ಕೆ ಹಾಕಿದ ರಟ್ಟು ನೆಟ್ಟಗಿದೆಯೇ ಎಂದು ನೋಡುವ ಹಾಗೆ ನೋಡಿದಳು. ಶಾಲೆಯ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕುವುದು ಅವಳ ಕೆಲಸ. "ಚೆನ್ನಾಗೇ ಇದೀರಲ್ಲ, ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ರಿ? ಇನ್ನು ಬಿಡ್ಬೇಡಿ," ಎಂದಳು. ನಿನ್ನಾಣೆ ಬಿಡಲ್ಲ ಎಂದು ಇವನೂ ಮಾತು ಕೊಟ್ಟ.

ಆದರೆ ಅವನ ಹತ್ತಿರ ಅವಳಿಗೆ ಗೊತ್ತಿಲ್ಲದ ಇನ್ನೊಂದು ಉಡುಗೊರೆ ಇತ್ತು. ಅವಳು ಕಡಲು ನೋಡಿರಲಿಲ್ಲ. ನಾಲ್ಕು ವರ್ಷದಿಂದ ಎರಡನೇ ಕುರ್ಚಿಯ ಸಂಪಾದನೆಯನ್ನೆಲ್ಲ ಅವನು ಒಂದು ಫೋನ್ ಬ್ಯಾಂಕಿಗೆ ಹಾಕುತ್ತ ಬಂದಿದ್ದ. ಆ ಬ್ಯಾಂಕಿಗೆ ಕಟ್ಟಡವಿಲ್ಲ, ಕೌಂಟರಿಲ್ಲ, ಬಾಗಿಲಲ್ಲಿ ಕೋವಿ ಹಿಡಿದ ಮುದುಕನೂ ಇಲ್ಲ. ಇರುವುದೆಲ್ಲ ಫೋನಿನ ಒಳಗೆ ಒಂದು ಹಳದಿ ಚೌಕ. ಹೆಂಡತಿಗೆ ಗೊತ್ತಾಗದಂತೆ ದುಡ್ಡು ಇಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ಅವನಿಗೆ ಅನ್ನಿಸಿತ್ತು. ಮುಂದಿನ ವಾರ ಇಬ್ಬರೂ ಕಡಲಿಗೆ ಹೊರಡುವುದು, ರೈಲು ಹತ್ತುವವರೆಗೂ ಅವಳಿಗೆ ಹೇಳದಿರುವುದು, ಇದು ಅವನ ಲೆಕ್ಕಾಚಾರ.

ಮಧ್ಯಾಹ್ನ ಮೂರೂವರೆಗೆ ನಿವೃತ್ತ ಹೆಡ್‌ಮಾಸ್ತರರು ಕುರ್ಚಿಯಲ್ಲಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ. ಕೈಯಲ್ಲಿ ಪೇಪರು.

"ನೋಡಯ್ಯ, ಆ ಹಳದಿ ಫೋನ್ ಬ್ಯಾಂಕು ನಮ್ಮ ದೇಶ ಬಿಟ್ಟು ಹೋಗ್ತಿದೆಯಂತೆ. ಇವತ್ತು ಸಂಜೆ ಆರಕ್ಕೆ ಎಲ್ಲ ಖಾತೆ ಬಂದ್."

ಕತ್ತಿ ಗಾಳಿಯಲ್ಲೇ ನಿಂತಿತು. "ಹೇಳದೆ ಕೇಳದೆ ಹೇಗೆ ಹೋಗ್ತಾರೆ ಸಾರ್?"

"ಮೂರು ತಿಂಗಳಿಂದ ಮೆಸೇಜ್ ಕಳಿಸಿದ್ದೀವಿ ಅಂತ ಹಾಕಿದ್ದಾರಪ್ಪ. ಆರರ ಮೇಲೆ ಉಳಿದ ದುಡ್ಡಿಗೆ ಹೊರದೇಶದ ಹೆಡ್ಡಾಫೀಸಿಗೆ ಕಾಗದ ಬರೆದು ಕಾಯ್ಬೇಕಂತೆ."

ಮೆಸೇಜು ಬಂದಿದ್ದು ನಿಜ. ಒಟ್ಟು ಹನ್ನೊಂದು. ಹನ್ನೊಂದನ್ನೂ ಅವನು ಓದದೆ ಅಳಿಸಿದ್ದ. ಬ್ಯಾಂಕಿನ ಹೆಸರಲ್ಲಿ ಬರುವ ಮೆಸೇಜೆಲ್ಲ ಮೋಸ ಎಂದು ಕುರ್ಚಿಯಲ್ಲಿ ಕೂತವರಿಗೆಲ್ಲ ಉಪದೇಶ ಮಾಡುತ್ತಿದ್ದವನೇ ಅವನು. ಕನ್ನಡಿಯ ಮೂಲೆಯಲ್ಲಿ ಅದನ್ನೇ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿಯೂ ಇದ್ದ. ಹೆಡ್‌ಮಾಸ್ತರರು ಆ ಚೀಟಿಯನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡಿ, ಮೇಷ್ಟ್ರಾಗಿದ್ದವರಿಗೆ ಕಷ್ಟವಾದರೂ, ಪಾಠ ಮಾಡದೆ ಪೇಪರು ಮಡಿಸಿದರು.

ಮಾಮ ಕತ್ತಿ ಕೆಳಗಿಟ್ಟು ಹಳದಿ ಚೌಕ ಒತ್ತಿದ. 'ಭಾರವಾದ ಮನಸ್ಸಿನಿಂದ ಬೀಳ್ಕೊಡುತ್ತಿದ್ದೇವೆ. ಹಣ ವರ್ಗಾಯಿಸಲು ದಯವಿಟ್ಟು ಮುಖ ತೋರಿಸಿ' ಎಂದಿತು. ತೋರಿಸಿದ.

'ಮುಖ ಹೊಂದುತ್ತಿಲ್ಲ. ಇನ್ನು ಮೂರು ಅವಕಾಶ.'

"ನಿನ್ನ ಮೀಸೆ ಕಣಯ್ಯ," ಎಂದರು ಹೆಡ್‌ಮಾಸ್ತರರು. "ಅದು ಮೀಸೆಗೆ ಖಾತೆ ಕೊಟ್ಟಿದೆ, ನಿನಗಲ್ಲ. ಇರು, ಬೆಳಕು ಸರಿಯಿಲ್ಲ, ನಾನು ಹಿಡೀತೀನಿ." ಫೋನ್ ಹಿಡಿಯಲು ಬಗ್ಗಿದವರ ನೊರೆಯ ಕೆನ್ನೆಯೂ ಚೌಕದೊಳಗೆ ಬಂತು.

'ಒಂದೇ ಮುಖ ಇರಲಿ. ಇನ್ನು ಎರಡು ಅವಕಾಶ.'

ಸಹಾಯವಾಣಿಗೆ ಫೋನ್ ಮಾಡಿದರೆ ಒಂದು ಹೆಣ್ಣುದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತ ಒಂಬತ್ತರವರೆಗೂ ಕರೆದುಕೊಂಡು ಹೋಗಿ, ಮತ್ತೆ ಕೇಳಲು ಸೊನ್ನೆ ಒತ್ತಿ ಎಂದಿತು. ಹೀಗೇ ಮುಕ್ಕಾಲು ಗಂಟೆ ಹೋಯಿತು.

ಗೋಡೆಯಾಚೆ ಹೊಲಿಗೆಯಂತ್ರದ ಸದ್ದು ನಿಂತಿತು. ಪಕ್ಕದಂಗಡಿಯ ಟೈಲರಮ್ಮನಿಗೆ ಯಂತ್ರ ನಿಲ್ಲಿಸದೆಯೂ ಎಲ್ಲ ಕೇಳಿಸುತ್ತದೆ, ನಿಲ್ಲಿಸಿದರೆ ಬಂದಳೆಂದೇ ಅರ್ಥ. ಬಂದಳು, ಕೊರಳಲ್ಲಿ ಟೇಪು.

"ಅಷ್ಟೇ ತಾನೆ ಮಾಮ? ಮೀಸೆ ತಾನೆ? ಬಿಡಿ, ನಾನು ಬರೀತೀನಿ."

ಹುಬ್ಬಿಗೆ ಹಚ್ಚುವ ಪೆನ್ಸಿಲ್ ತಂದು, ಎರಡೂ ಕಡೆ ಟೇಪಿನಿಂದ ಅಳೆದು, ಕಿವಿಯಿಂದ ಕಿವಿಗೆ ಬರೆದಳು. ಅಳತೆ ಸರಿಯಾಗಿತ್ತು. ಆದರೆ ಮಾಮ ಆ ಸೆಖೆಗೂ ಭಯಕ್ಕೂ ಬೆವರುತ್ತಿದ್ದ. ಫೋನು 'ಮುಗುಳ್ನಗಿ' ಎನ್ನುವ ಹೊತ್ತಿಗೆ ಮೀಸೆ ಗಲ್ಲಕ್ಕೆ ಇಳಿದಿತ್ತು.

'ಇನ್ನು ಒಂದು ಅವಕಾಶ.'

ಗಂಟೆ ಐದಾಗಿತ್ತು. ಮಾಮ ಎರಡನೇ ಕುರ್ಚಿಯಲ್ಲಿ ಕುಸಿದು ತಲೆಯ ಮೇಲೆ ಕೈ ಹೊತ್ತು, ಹೆಂಡತಿಗೆ ಹೇಳದೆ ಕೂಡಿಟ್ಟ ಕಡಲಿನ ದುಡ್ಡು ಹೋಯಿತೆಂದು ಎಲ್ಲರೆದುರೂ ಗೋಳಾಡಿದ. ನಿನ್ನೆಯ ಮೀಸೆಯನ್ನಾದರೂ ಇಟ್ಟುಕೊಂಡಿದ್ದರೆ ಎಂದು ಕಸದ ಬುಟ್ಟಿ ನೋಡಿದ. ಬೆಳಗ್ಗೆಯೇ ಕಸದ ಗಾಡಿ ಬಂದು ಹೋಗಿತ್ತು.

ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಪ್ಪಲಿ ರಿಪೇರಿಯ ಅಜ್ಜ ಆಗ ಒಳಗೆ ಬಂದ. ಅವನದು ಮಾತು ಕಡಿಮೆ, ಕೆಲಸ ಗಟ್ಟಿ. ಶೆಲ್ಫಿನಿಂದ ಹೆಡ್‌ಮಾಸ್ತರರಿಗೆ ನೊರೆ ಹಚ್ಚಿದ ಬ್ರಷ್ ತೆಗೆದುಕೊಂಡು ತೊಳೆದು ಒರೆಸಿ ಕೂದಲನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ಒಳ್ಳೆ ಕೂದಲು. ನನ್ನ ಹತ್ರ ಅಟ್ಟೆ ಅಂಟಿಸೋ ಗೋಂದು ಇದೆ. ಅಲ್ಲಾಡ್ಬೇಡ ತಮ್ಮಾ."

ಆಮೇಲಿನ ಅರ್ಧ ಗಂಟೆ ಮಾಮ ಅಲ್ಲಾಡಲಿಲ್ಲ. ಅಜ್ಜ ಬ್ರಷ್ಷಿನ ಕೂದಲನ್ನೆಲ್ಲ ಕಿತ್ತು ಎಳೆ ಎಳೆಯಾಗಿ ಅಂಟಿಸಿದ, ಟೈಲರಮ್ಮ ಕತ್ತರಿಯಿಂದ ಅಂಚು ಸರಿಮಾಡಿದಳು, ಹೆಡ್‌ಮಾಸ್ತರರು ಎಡಗಡೆ ಜಾಸ್ತಿ, ಬಲಗಡೆ ಕಮ್ಮಿ ಎಂದು ಉಸ್ತುವಾರಿ ವಹಿಸಿದರು. ಬುಡದಲ್ಲಿ ಕಪ್ಪು, ತುದಿಯಲ್ಲಿ ಬಿಳಿ, ಹಳೆಯದಕ್ಕಿಂತ ಒಂದು ಬೆರಳು ಎತ್ತರ. ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ ಆ ಮೀಸೆಯ ಹಿಂದೆ ಮನುಷ್ಯ ಇದ್ದಾನೆಂದು ಹುಡುಕಿ ಹೇಳಬೇಕಾಗಿತ್ತು.

ಎಲ್ಲರನ್ನೂ ಹೊರಗೆ ಕಳಿಸಿ ಫೋನ್ ಎತ್ತಿದ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಕಣ್ಣು ಮಿಟುಕಿಸಿದ.

'ಸ್ವಾಗತ,' ಎಂದಿತು ದೇಶ ಬಿಟ್ಟು ಹೊರಟ ಬ್ಯಾಂಕು. 'ಹಣ ಯಾವ ಖಾತೆಗೆ?'

ಮನೆಯ ಖಾತೆಯ ನಂಬರ್ ಒತ್ತಲು ಹೋದವನ ಕೈಯನ್ನು ಓಡಿ ಬಂದ ಟೈಲರಮ್ಮ ಹಿಡಿದಳು. "ಅದು ಜಂಟಿ ಖಾತೆ ಅಲ್ವಾ ಮಾಮ? ದುಡ್ಡು ಬಿದ್ದ ಕೂಡ್ಲೇ ಅತ್ತೆ ಫೋನಿಗೆ ಮೆಸೇಜ್ ಹೋಗತ್ತೆ. ಕಡಲೂ ಇಲ್ಲ, ಗುಟ್ಟೂ ಇಲ್ಲ. ನನ್ನ ನೀಲಿ ಬ್ಯಾಂಕಲ್ಲಿ ಖಾತೆ ತೆರೀರಿ, ಐದು ನಿಮಿಷ."

ನೀಲಿ ಬ್ಯಾಂಕೂ ಹೆಸರು ಕೇಳಿತು, ಹುಟ್ಟಿದ ತಾರೀಖು ಕೇಳಿತು, ಎಡಕ್ಕೆ ಬಲಕ್ಕೆ ತಿರುಗಿಸಿ ಫೋಟೋ ತೆಗೆದುಕೊಂಡಿತು. ಖಾತೆ ಆಯಿತು. ಆರಕ್ಕೆ ಎಂಟು ನಿಮಿಷ ಇದ್ದಾಗ ನಾಲ್ಕು ವರ್ಷದ ದುಡ್ಡು ಹಳದಿಯಿಂದ ನೀಲಿಗೆ ಜಿಗಿಯಿತು. ಅಜ್ಜ ಗೋಂದಿನ ಡಬ್ಬಿ ಮುಚ್ಚಿದ. ಹೆಡ್‌ಮಾಸ್ತರರು ಕುರ್ಚಿಗೆ ಮರಳಿ ಒಣಗಿದ ನೊರೆಯನ್ನು ಮುಟ್ಟಿ ನೋಡಿಕೊಂಡು, "ಇನ್ನು ಈ ಕೆನ್ನೆ," ಎಂದರು.

ಆಗಲೇ ಹೆಂಡತಿ ಬಾಗಿಲಿಗೆ ಬಂದಳು. ದಿನಾ ಆರಕ್ಕೆ ಬಂದು ಗಂಡನ ಜೊತೆ ಮನೆಗೆ ನಡೆದು ಹೋಗುವುದು ಅವಳ ರೂಢಿ.

ಅವಳು ಮೀಸೆಯನ್ನು ನೋಡಿದಳು. ಬೈಯುತ್ತಾಳೆ ಎಂದು ಮಾಮ ಸಿದ್ಧನಾಗಿದ್ದ. ಅವಳು ಬೈಯಲಿಲ್ಲ.

"ಒಂದು ದಿನ," ಎಂದಳು ಮೆಲ್ಲಗೆ. "ನನಗೋಸ್ಕರ ಒಂದು ದಿನ ಹಾಗೇ ಇರೋಕೆ ಆಗ್ಲಿಲ್ಲ ಅಲ್ವಾ ನಿಮಗೆ? ಅಂಟಿಸ್ಕೊಂಡಾದ್ರೂ ಬೇಕಿತ್ತಾ?"

ಅವಳ ಕಣ್ಣು ತುಂಬಿದ್ದನ್ನು ಮಾಮ ನೋಡಿದ. ಗುಟ್ಟು ಹಾಳಾಗಿ ಹೋಗಲಿ ಎಂದು ಎಲ್ಲ ಹೇಳಿಬಿಟ್ಟ. ಹಳದಿ ಬ್ಯಾಂಕು, ಹನ್ನೊಂದು ಮೆಸೇಜು, ಎರಡನೇ ಕುರ್ಚಿ, ಕಡಲು.

ಅವಳು ಆ ಎರಡನೇ ಕುರ್ಚಿಯಲ್ಲೇ ಕೂತಳು. "ನನಗೆ ಕಡಲು ನೋಡೋ ಆಸೆ ಅಂತ ನಿಮಗೆ ಹೇಳಿದ್ಯಾರು?"

"ನೀನೇ. ಮದುವೆ ಆದ ಹೊಸದರಲ್ಲಿ. ಒಂದೇ ಸಲ ಹೇಳಿದ್ದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ರಟ್ಟಿನ ಹಳೇ ಗೋಂದು ಬಿಡಿಸಿ ಪಳಗಿದ ಕೈ. ಬಿಸಿನೀರು, ಎಣ್ಣೆ ತರಿಸಿ, ನೋವಾದಾಗ ಊದುತ್ತ, ಆ ಮೀಸೆಯನ್ನು ತಾನೇ ಬಿಡಿಸಿ ಎಳೆಯೆಳೆಯನ್ನೂ ಮೋರಿಗೆ ಬಿಟ್ಟಳು. ಮೇಲ್ದುಟಿ ಟೊಮೆಟೊ ಹಣ್ಣಿನಂತೆ ಊದಿದರೂ ಮಾಮನಿಗೆ ಸುಖವಾಗಿತ್ತು.

"ಗುಟ್ಟು ಹೋಯ್ತಲ್ಲ, ಈಗಲೇ ಟಿಕೆಟ್ ತೆಗಿ," ಎಂದರು ಹೆಡ್‌ಮಾಸ್ತರರು. ಅವರೇ ಹುಡುಕಿ ಕೊಟ್ಟರು. ಎರಡು ಸೀಟು, ಒಂದು ಕಿಟಕಿ ಪಕ್ಕ. ದುಡ್ಡು ಕಟ್ಟಲು ಮಾಮ ನೀಲಿ ಚೌಕ ಒತ್ತಿದ.

'ನಾವು ಎಂದೆಂದಿಗೂ ನಿಮ್ಮೊಂದಿಗೆ. ಹಣ ಪಾವತಿಸಲು ದಯವಿಟ್ಟು ಮುಖ ತೋರಿಸಿ.'

ತೋರಿಸಿದ.

'ಮುಖ ಹೊಂದುತ್ತಿಲ್ಲ. ಇನ್ನು ಮೂರು ಅವಕಾಶ.'

ಟೈಲರಮ್ಮ ಟೇಪನ್ನು ನೋಡಿದಳು, ಅಜ್ಜ ಮೋರಿಯನ್ನು ನೋಡಿದ. ನೀಲಿ ಬ್ಯಾಂಕಿನ ಮಟ್ಟಿಗೆ ಈ ಮನುಷ್ಯ ಹುಟ್ಟಿದ್ದೇ ಬ್ರಷ್ಷಿನ ಮೀಸೆಯೊಂದಿಗೆ. ಸ್ವಂತ ಮೀಸೆ ಮತ್ತೆ ಬೆಳೆದರೂ ಅದು ಒಪ್ಪುವಂತಿರಲಿಲ್ಲ.

"ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಕೇಳಿದ್ದೆ," ಎಂದ ಮಾಮ ಊದಿದ ತುಟಿಯಲ್ಲೇ. "ಇಲ್ಲಿ ಮೀಸೆ ಬಿದ್ದು ಜಟ್ಟಿ ಮಣ್ಣಾದ."

ಹೆಂಡತಿ ಗಂಡನ ಬೋಳು ಮುಖವನ್ನು ಇನ್ನೊಮ್ಮೆ ಕಣ್ತುಂಬ ನೋಡಿಕೊಂಡಳು. ಆಮೇಲೆ ನಿಟ್ಟುಸಿರು ಬಿಟ್ಟು, ಶೆಲ್ಫಿನಲ್ಲಿ ಉಳಿದಿದ್ದ ಎರಡನೇ ಬ್ರಷ್ ತೆಗೆದು, ಕೂದಲನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಅಜ್ಜಾ, ಆ ಗೋಂದು ಇನ್ನೂ ಇದೆಯಾ?"

ಅಜ್ಜ ಡಬ್ಬಿಯ ಮುಚ್ಚಳ ತೆಗೆದ. ಕನ್ನಡಿಯ ಮುಂದೆ ಕೂತಿದ್ದ ಹೆಡ್‌ಮಾಸ್ತರರು ನಿಧಾನವಾಗಿ ತಿರುಗಿದರು.

"ಅದೂ ಹೋದ್ರೆ, ಈ ಕೆನ್ನೆಗೆ ನೊರೆ ಯಾವುದರಲ್ಲಮ್ಮ ಹಚ್ಚೋದು?"