ಮಸುಕಿನ ಹಸ್ತಾಂತರ

ತಾಂತಾ ನಗರದ ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಸರ್ಕಾರಿ ವಸ್ತು ಕಡಿಮೆಯಾದರೂ ಅಪರಾಧ, ಹೆಚ್ಚಾದರೂ ಅಪರಾಧ. ಮೂವತ್ತಾರು ವರ್ಷ ಸೂಕ್ಷ್ಮದರ್ಶಕ ನೋಡಿಕೊಂಡ ಉಸ್ತಾದ್ ಶೌಕತ್ ನಿವೃತ್ತರಾದಾಗ, ತಮ್ಮ ವಶದಲ್ಲಿದ್ದ ಸಾಮಾನನ್ನೆಲ್ಲ ದಾಸ್ತಾನು ಸಮಿತಿಗೆ ಒಪ್ಪಿಸಿ ಬೇಬಾಕಿ ಪತ್ರ ಪಡೆಯಬೇಕಿತ್ತು. ಪತ್ರವಿಲ್ಲದೆ ಬಿಡುಗಡೆಯಿಲ್ಲ. ಅವರ ಹೆಂಡತಿಯೋ ಆಗಲೇ ರಾಸ್ ಅಲ್-ಬರ್ ಕಡಲ ದಂಡೆಯಲ್ಲಿ ಮನೆ ಹೂಡಿ, ಹುರಿದ ಮೀನು ಆರುತ್ತಿದೆ ಎಂದು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು.

ಕುರ್ಚಿ, ಕೆಟಲು, ಪೊರಕೆ ಲೆಕ್ಕಕ್ಕೆ ಸರಿಹೋದವು. ತಕರಾರು ಬಂದದ್ದು ಕ್ವಾಂಟಮ್ ಚುಕ್ಕೆಗಳದ್ದು. ಇವು ಹೊಳೆಯುವ ಕಣಗಳು. ಖರೀದಿ ಪತ್ರದ ಪ್ರಕಾರ ಒಂದೊಂದೂ ಹತ್ತು ನ್ಯಾನೋಮೀಟರ್. ಸಮಿತಿಯ ಅಧ್ಯಕ್ಷೆ ಮದಾಂ ಇನಾಯತ್ ಸೂಕ್ಷ್ಮದರ್ಶಕದಲ್ಲಿಟ್ಟು ಅಳೆಸಿದರು. ಇನ್ನೂರೈವತ್ತು ಬಂತು.

"ಉಸ್ತಾದ್, ಇನ್ನೂರ ನಲವತ್ತು ಜಾಸ್ತಿ ಎಲ್ಲಿಂದ ಬಂತು?"

"ಅದು ಚುಕ್ಕೇದಲ್ಲ ಮದಾಂ, ಸೂಕ್ಷ್ಮದರ್ಶಕದ ಮಸುಕು. ಎಷ್ಟೇ ಸಣ್ಣದಿಟ್ರೂ ಅಷ್ಟೇ ಅಗಲ ಕಾಣುತ್ತೆ. ಯಂತ್ರದ ಯೋಗ್ಯತೆ ಅಳೆಯೋಕೇ ಈ ಚುಕ್ಕೆ ತರಿಸಿದ್ದು."

"ಅಂದ್ರೆ ಮಸುಕು ಸರ್ಕಾರದ್ದು. ಇಷ್ಟು ವರ್ಷ ಪುಸ್ತಕಕ್ಕೆ ಹತ್ತಿಸದೇ ಇಟ್ಕೊಂಡಿದ್ದೀರಿ."

ಶೌಕತ್ ತಲೆ ತಗ್ಗಿಸಿದರು. ಸಮಿತಿಯ ಗುಮಾಸ್ತನಾದ ನನಗೂ ನಾಚಿಕೆಯಾಗಿ, ಕೂಡಲೇ ದಾಖಲಿಸಿದೆ: 'ಮಸುಕು, ಒಂದು, 240 ನ್ಯಾನೋಮೀಟರ್. ಸುಸ್ಥಿತಿಯಲ್ಲಿದೆ.'

ಅದೇ ವಾರ, ಶೌಕತ್ ಎಂಟು ವರ್ಷ ಅರ್ಜಿ ಹಾಕಿ ಕಾದಿದ್ದ ಹೊಸ ಮಸೂರ ಬಂತು. ಆಸೆ ತಡೆಯಲಾರದೆ ತಾವೇ ಜೋಡಿಸಿದರು. ಹಸ್ತಾಂತರದ ದಿನ ಅಳೆದರೆ ಚುಕ್ಕೆ ನೂರ ತೊಂಬತ್ತು. ಸರ್ಕಾರದ ಮಸುಕಿನಲ್ಲಿ ಅರವತ್ತು ನಾಪತ್ತೆ. ಅಲ್ಲೇ ಆದೇಶ ಹೊರಟಿತು: 'ನೌಕರನ ವಶದಲ್ಲಿರುವ ಮಸುಕು ಆತನ ಸೇವಾವಧಿಯಲ್ಲಿ ಸವೆಯತಕ್ಕದ್ದಲ್ಲ. ಸವೆದಲ್ಲಿ ಆತನೇ ಭರ್ತಿ ಮಾಡತಕ್ಕದ್ದು.'

ಹೊಸ ಮಸೂರ ಪೆಟ್ಟಿಗೆ ಸೇರಿತು. ಹಳೆಯದನ್ನು ಹಾಕಿದರೆ ಇನ್ನೂರ ನಲವತ್ತೈದು. ಹಾಳು ಅಭ್ಯಾಸ, ಹಾಕುವ ಮುಂಚೆ ಶೌಕತ್ ಅದನ್ನು ಒರೆಸಿಬಿಟ್ಟಿದ್ದರು. ಐದು ಕಡಿಮೆ ಎಂದು ಮದಾಂ ಸಹಿ ಹಾಕದೆ ಪೆನ್ನಿನ ಮುಚ್ಚಳ ಹಾಕಿದರು. ಆಗ, ಮೂವತ್ತಾರು ವರ್ಷ ಯಾರಿಗೂ ಮಸೂರ ಮುಟ್ಟಗೊಡದಿದ್ದ ಆ ಮನುಷ್ಯ ತಮ್ಮ ಹೆಬ್ಬೆರಳನ್ನೇ ಅದರ ಮೇಲೆ ಒತ್ತಿದರು. ನನಗೆ ನೋಡಲಾಗಲಿಲ್ಲ.

"ಇನ್ನೂರೈವತ್ತೈದು," ಎಂದರು ಮದಾಂ. "ಐದು ಜಾಸ್ತಿ ಇದೆಯಲ್ಲ?"

"ನನ್ನ ಕಡೆಯಿಂದ ಸಂಸ್ಥೆಗೆ ಕಾಣಿಕೆ ಅಂತ ಬರ್ಕೊಳ್ಳಿ."

ಎಲ್ಲರೂ ಚಪ್ಪಾಳೆ ತಟ್ಟಿದೆವು. ಬೇಬಾಕಿ ಪತ್ರ ಹಿಡಿದು ಶೌಕತ್ ಮಧ್ಯಾಹ್ನದ ಬಸ್ಸಿಗೇ ಓಡಿದರು. ಅವರ ಜಾಗಕ್ಕೆ ಬಂದ ಮಿರ್ವತ್ ಮಸುಕನ್ನು ಎರಡೆರಡು ಸಲ ಅಳೆದು, ಪೂರ್ತಿ ಇದೆ ಎಂದು ಸಹಿ ಹಾಕಿದಳು. ಮಸೂರ ಒರೆಸುವ ಬಟ್ಟೆಯನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿ ಮೊಹರು ಒತ್ತಿದೆ.