ಕಾಕಾ ಹುಡುಕಿದ ಖಾಲಿ ಚೌಕ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಮೊದಲು ತಲೆ ಬಾಗಿಸುತ್ತಿದ್ದುದು ನೆಲಕ್ಕೆ. ಭಕ್ತಿ ಎಂದುಕೊಂಡಿರಾ? ಖಂಡಿತ ಅಲ್ಲ! ಹಾಸಿದ ಪರಸಿ ಕಲ್ಲುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಖಾಲಿ ಚೌಕ ಎಲ್ಲಿದೆ ಎಂದು ಹುಡುಕುತ್ತಿದ್ದರು. ಶಹಾಬಾದಿನವರು ನೋಡಿ, ಕಲ್ಲಿನ ಮೇಲೆಯೇ ಅಂಬೆಗಾಲಿಟ್ಟವರು!

"ಚೌಕದಾಗ ಕೂತ್ರ ಒಬ್ಬರ ಮಾರಿ ಒಬ್ಬರಿಗೆ ಕಾಣ್ತದ. ಸಾಲಾಗಿ ಕೂತ್ರ ಬರೇ ಕಿವಿ ಕಾಣ್ತಾವ" ಎನ್ನುವುದು ಅವರ ಸಿದ್ಧಾಂತ.

ಅದಕ್ಕೊಂದು ಲೆಕ್ಕವೂ ಇತ್ತು. ಜೇಬಿನಿಂದ ಸೀಮೆಸುಣ್ಣ ತೆಗೆದು, ಅಡ್ಡಿ ಇರುವಲ್ಲೆಲ್ಲ ಸೊನ್ನೆ ಬರೆಯುವುದು. ಖಾಲಿ ಕಲ್ಲಿಗೆ? "ಎಡಕ್ಕ ನೋಡು, ಮ್ಯಾಲ ನೋಡು, ನಡುವಿನ ಮೂಲಿಗೆ ನೋಡು. ಮೂರರಾಗ ಸಣ್ಣ ಅಂಕಿ ಯಾವ್ದೋ ಅದಕ್ಕ ಒಂದು ಕೂಡ್ಸು." ಕೊನೆಗೆ ಎಲ್ಲಕ್ಕಿಂತ ದೊಡ್ಡ ಅಂಕಿ ಬಂದ ಕಲ್ಲೇ ಚೌಕದ ಮೂಲೆ. ಆ ಅಂಕಿಯೇ ಅದರ ಒಂದು ಬದಿಯ ಅಳತೆ.

ತೊಂಬತ್ತರ ದಶಕದಲ್ಲೊಮ್ಮೆ ವಾಡಿ ಸ್ಟೇಷನ್ನಿನಲ್ಲಿ ಸೇಡಂ ಗಾಡಿಗೆ ಕಾಯುತ್ತಿದ್ದೆವು. ಕಾಕಾ ಮಲಗಿದ್ದವನೊಬ್ಬನ ಚಾದರದ ಮೇಲೂ ಸೊನ್ನೆ ಬರೆದರು! ಲೆಕ್ಕ ಮುಗಿಯುವಷ್ಟರಲ್ಲಿ ಆ ಸೊನ್ನೆ ಎದ್ದು ಚಹಾ ಕುಡಿಯಲು ಹೋಯಿತು. ಮತ್ತೆ ಮೊದಲಿನಿಂದ ಲೆಕ್ಕ. ಗಾಡಿ ಬಂತು, ಹೋಯಿತು.

"ನಿಮ್ಮ ಚೌಕದ ಸಲುವಾಗಿ ಗಾಡಿ ನಿಲ್ತದೇನ್ರಿ?" ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಸಿಡಿದರು.

ಇಂಥ ಕಾಕಾನಿಗೆ ಮಗಳ ಮದುವೆ ಬಂತು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ನಮ್ಮ ಅಜ್ಜಿಗೆ, ಅಂದರೆ ಕಾಕಾನ ತಾಯಿಗೆ, ಮೊಮ್ಮಗಳ ಮದುವೆ ಕಣ್ಣಾರೆ ನೋಡುವ ಆಸೆ. ಅದಕ್ಕೇ ಮದುವೆಯನ್ನು ಮನೆಯ ಪಡಸಾಲೆಯಲ್ಲೇ ಮಾಡುವುದೆಂದಾಯಿತು. ಮಂಟಪಕ್ಕೆ ಉದ್ದಗಲ ನಾಲ್ಕು ನಾಲ್ಕು ಕಲ್ಲಾದರೂ ಬೇಕು ಎಂದರು ಆಚಾರ್ಯರು. ಕಾಕಾ ಟ್ರಂಕು ಹೊರಗಿಡಿಸಿದರು, ಹೊಲಿಗೆ ಮಶಿನ್ ಸರಿಸಿದರು, ಕಂಬಗಳಿಗೆ ಸೊನ್ನೆ ಬರೆದರು, ಅಜ್ಜಿ ಮಲಗಿದ್ದ ಹೊರಸಿಗೂ ಬರೆದರು. ಎಷ್ಟು ಸಲ ಕೂಡಿಸಿದರೂ ಮೂರೇ!

ಚಿಂಚೋಳಿಯಿಂದ ಬಂದಿದ್ದ ಬೀಗರು, "ಹೊರಸು ಒಳಗ ಇಡ್ರಿ, ಎರಡು ತಾಸಿನ ಮಾತು" ಎಂದರು.

ಅಜ್ಜಿಯೂ ಅಂದಳು, "ಹೌದೋ ಅಪ್ಪಾ, ನನ್ನ ಅಡಗಿ ಮನ್ಯಾಗ ಹಾಕು. ವಾಲಗ ಕೇಳ್ತೀನಿ, ಸಾಕು."

ಹೇಳುವಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಕಾಕಾ ಕುಕ್ಕರಗಾಲಲ್ಲಿ ಕೂತು, ಧೋತರದ ಚುಂಗಿನಿಂದ ಹೊರಸಿನ ಮೇಲಿನ ಸೊನ್ನೆ ಒರೆಸಿಬಿಟ್ಟರು.

"ಅವ್ವಗ ಅಡ್ಡಿ ಅಂತ ಬರ್ದಿದ್ದೆ ನೋಡ್ರಿ, ಲೆಕ್ಕ ಅಲ್ಲೇ ತಪ್ಪಾಗ್ಯದ!"

ಮತ್ತೆ ಕೂಡಿಸಿದರು. ಐದು! ಹೊರಸೂ ಸೇರಿ ಐದು ಕಲ್ಲಿನ ಚೌಕ.

"ಮಂಟಪದಾಗ ಹೊರಸೇನ್ರಿ?" ಎಂದು ಆಚಾರ್ಯರು ಗೊಣಗಿದರು.

"ಹೊರಸಿನ ಮ್ಯಾಲ ಹಿರೇರು ಅದಾರಲ್ರಿ" ಎಂದರು ಕಾಕಾ.

ಹೊರಸಿನ ಸುತ್ತಲೇ ಮಂಟಪ ಎದ್ದಿತು. ತಾಳಿ ಕಟ್ಟುವಾಗ ಅಜ್ಜಿ ಅಕ್ಷತೆ ಎಸೆದಳು. ಕೈಯಲ್ಲಿ ಶಕ್ತಿ ಎಲ್ಲಿತ್ತು? ಅದು ಮದುಮಕ್ಕಳವರೆಗೆ ಹೋಗದೆ ಹತ್ತಿರವೇ ಕೂತಿದ್ದ ಕಾಕಾನ ಬೋಳುತಲೆಯ ಮೇಲೆ ಬಿತ್ತು.

"ಯವ್ವಾ, ಮದಿವಿ ನಂದಲ್ಲ!" ಎಂದು ಕಾಕಾ ನಕ್ಕರು.

"ಇರಲಿ ಬಿಡೋ. ನೀನೂ ನನ್ನ ಕೂಸೇ ಅಲ್ಲೇನು?" ಎಂದಳು ಅಜ್ಜಿ.

ಕಾಕಾ ತಲೆಯ ಮೇಲಿನ ಅಕ್ಕಿ ಕೊಡವಲಿಲ್ಲ. ಎಲ್ಲರೆದುರೇ ಅತ್ತುಬಿಟ್ಟರು.